ಮಗಳು ಸೈಕ್ಲಿಂಗ್ ನ್ಯಾಷನಲ್ಸ್‌ಗೆ ಹೋಗುತ್ತಾಳೆ, ಹಾಜರಾತಿ ಬೀಳುತ್ತಿದೆ. ಶಾಲೆ ಬಿಡಿಸಿ ಓಪನ್ ಸ್ಕೂಲ್‌ಗೆ ಹಾಕಲಾ?

ಅಕ್ಕಾರೇ, ಹಾವೇರಿ, ಒಂಬತ್ತನೇ ತರಗತಿಯ ಮಗಳು, ರಾಜ್ಯ ಮಟ್ಟದಲ್ಲಿ ಮೆಡಲ್, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ನಿಮ್ಮ ಪ್ರಶ್ನೆ ಓದುತ್ತಾ ಇದನ್ನು ನಮ್ಮವ್ವನೇ ಬರೆದಳೇನೋ ಅನ್ನಿಸಿತು. ನಮ್ಮವ್ವನಿಗೆ ಓದು ಬರಹ ಬರಲ್ಲ, ಅದು ಬೇರೆ ಮಾತು.

ನಾನು ಗದಗಿನ ಬೆಟಗೇರಿಯವನು. ಅಪ್ಪ ಕೈಮಗ್ಗದ ನೇಕಾರ. ಏಳನೇ ತರಗತಿಯಲ್ಲಿದ್ದಾಗ ಪಿಟಿ ಮಾಸ್ತರ್ ನನ್ನನ್ನು ರೇಸ್ ಸೈಕಲ್ ಹತ್ತಿಸಿದರು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ದಿನಾ ಬೆಳಗ್ಗೆ ಐದಕ್ಕೆ ಎದ್ದು ಲಕ್ಕುಂಡಿ ದಾಟಿ ಹೋಗಿ ಬರುತ್ತಿದ್ದೆ. ಗದಗಿನ ಗಾಳಿ ಗೊತ್ತಲ್ಲ ನಿಮಗೆ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿದ್ದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ಹೋಗುವಾಗ ಗಾಳಿ ಬೆನ್ನಿಗೆ ಇರುತ್ತೆ, ಹಾರಿಕೊಂಡು ಹೋದ ಹಾಗೆ. ಖುಷಿಯಲ್ಲಿ ಇನ್ನೈದು ಕಿಲೋಮೀಟರ್ ಮುಂದೆ ಹೋಗಿಬಿಡುತ್ತಿದ್ದೆ. ತಿರುಗಿದ ಕೂಡಲೇ ಅದೇ ಪಡುವಣ ಗಾಳಿ ಎದೆಗೆ ಬಂದು ನಿಲ್ಲೋದು. ಗಂಟೆಗೆ 35 ಕಿಲೋಮೀಟರ್‌ನಲ್ಲಿ ಓಡುತ್ತಿದ್ದ ಸೈಕಲ್ 20ಕ್ಕೆ ಇಳಿಯೋದು. ಮನೆ ಮುಟ್ಟುವಾಗ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಒಂದು ಪೀರಿಯಡ್ ಆಗಿರುತ್ತಿತ್ತು. ಈಗ ಹೋದರೆ ಬೈಸಿಕೊಳ್ಳಬೇಕು, ಬೇಡ ಬಿಡು ಅಂತ ಅವತ್ತು ಶಾಲೆಗೆ ಚಕ್ಕರ್. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಹಾಜರಾತಿ ತಿಂದಿದ್ದು ನ್ಯಾಷನಲ್ಸ್ ಒಂದೇ ಅಲ್ಲ. ಲೆಕ್ಕ ಆಮೇಲೆ ಕೊಡುತ್ತೇನೆ.

ಅಪ್ಪನಿಗೆ ಒಂದೇ ಉದಾಹರಣೆ ಗೊತ್ತಿತ್ತು. ನಮ್ಮ ಗದಗಿನ ಕ್ರಿಕೆಟಿಗ ಸುನೀಲ್ ಜೋಶಿ. ಹುಡುಗನಾಗಿದ್ದಾಗ ಬೆಳಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದರಂತೆ. ಆಮೇಲೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್‌ನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. "ಅಂವಾ ಹುಬ್ಬಳ್ಳಿಗೆ ಹೋಗಿ ಬಂದು ಸಾಲಿಗೆ ಹೊಕ್ಕಾನ, ನಿನಗ ಲಕ್ಕುಂಡಿಯಿಂದ ಬರಾಕ ಆಗವಲ್ದು?" ಅಂತ ಮಗ್ಗದ ಮೇಲೆ ಕೂತೇ ಅಪ್ಪ ಬೈಯುತ್ತಿದ್ದ. ಅವರು ಹೋಗಿದ್ದು ಸೈಕಲ್ ಮೇಲಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತೆ, ಅಪ್ಪ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ವರ್ಷ ನ್ಯಾಷನಲ್ಸ್‌ಗೆ ಆಯ್ಕೆಯಾದೆ. ರಾಜಸ್ಥಾನದ ಕಡೆ ಇತ್ತು. ಹೋಗುವ ಮುಂಚೆ 15 ದಿನ ಕ್ಯಾಂಪ್. ರೈಲಲ್ಲಿ ಹೋಗೋಕೆ 3 ದಿನ, ಬರೋಕೆ 3 ದಿನ, ಸ್ಪರ್ಧೆ 4 ದಿನ. ಒಟ್ಟು 25 ದಿನ. ಮೂರು ಭಾನುವಾರ ಕಳೆದರೆ ಶಾಲೆಯ 22 ದಿನ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ನನ್ನ ಸೈಕಲ್ ಅಂಗಡಿಗೆ ಬರುವ ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ಅರ್ಧ ಜನ ಕೇಳಿಸಿಕೊಳ್ಳುವುದೇ ಇಲ್ಲ.

ಕ್ಯಾಂಪ್‌ಗೆ ಹೊರಡುವ ಹಿಂದಿನ ದಿನ ಹೆಡ್‌ಮಾಸ್ತರ ಕೋಣೆಗೆ ಹೋಗಿದ್ದೆ. ಒಳ್ಳೆಯ ಮನುಷ್ಯ. ಕುರ್ಚಿಯಿಂದ ಎದ್ದು ಬೆನ್ನು ತಟ್ಟಿದರು. ಜೇಬಿನಿಂದ ನೂರು ರೂಪಾಯಿ ತೆಗೆದು ಬಾಳೆಹಣ್ಣಿಗೆ ಅಂತ ಕೊಟ್ಟರು. "ಹೋಗಿ ಬಾರಲೇ. ಹಾಜರಿ ನಾ ನೋಡ್ಕೋತೀನಿ" ಅಂದರು. ಅಷ್ಟೇ. ನನ್ನ ಕೈಯಲ್ಲಿ ಅರ್ಜಿ ಇರಲಿಲ್ಲ. ಅವರೂ ಕೇಳಲಿಲ್ಲ. ಪಿಟಿ ಮಾಸ್ತರ್ ಅಲ್ಲೇ ನಿಂತಿದ್ದರು, ಅವರಿಗೂ ಹೊಳೆಯಲಿಲ್ಲ. ಇಂಥ ದೊಡ್ಡ ಮನುಷ್ಯರು ಬಾಯಿಬಿಟ್ಟು ಹೇಳಿದ ಮೇಲೆ ಕಾಗದ ಬರೆದುಕೊಡುವುದು ಅವರನ್ನು ನಂಬಲಿಲ್ಲ ಅಂದ ಹಾಗೆ ಅಲ್ವಾ? ನಮ್ಮ ಕಡೆ ಹಂಗೇ ಅಂದುಕೊಳ್ಳುತ್ತೇವೆ.

ನಾನು ವಾಪಸ್ ಬಂದ ತಿಂಗಳೊಪ್ಪತ್ತಿಗೆ ಅವರಿಗೆ ವರ್ಗಾವಣೆ ಆಯಿತು.

ಜನವರಿಯಲ್ಲಿ ಹೊಸ ಹೆಡ್‌ಮಾಸ್ತರು ಹಾಜರಾತಿ ಲೆಕ್ಕ ಹಾಕಲು ಕೂತರು. ನಮ್ಮ ಎಸ್‌ಎಸ್‌ಎಲ್‌ಸಿಗೆ ಬೇಕಾಗಿದ್ದು 75 ಪರ್ಸೆಂಟ್. ಮಾರ್ಚ್ ತನಕ ಹಿಡಿದರೆ ಶಾಲೆ ನಡೆಯುವ ದಿನ 226, ಅಂದರೆ 170 ದಿನ ನಾನು ಹಾಜರಿರಬೇಕು. ಇನ್ನು ಒಂದು ದಿನವೂ ತಪ್ಪಿಸದೆ ಬಂದರೂ ನನ್ನ ಲೆಕ್ಕ 152ಕ್ಕೇ ನಿಲ್ಲುತ್ತಿತ್ತು. ನಾನು ನ್ಯಾಷನಲ್ಸ್ ಸರ್ಟಿಫಿಕೇಟ್ ತೆಗೆದುಕೊಂಡು ಓಡಿದೆ. ಅವರು ಕನ್ನಡಕ ಏರಿಸಿ ಓದಿದರು. ಅದರಲ್ಲಿ ನನ್ನ ಹೆಸರು, ಟೈಮ್ ಟ್ರಯಲ್ (ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ರೇಸ್), 11ನೇ ಸ್ಥಾನ, ಸ್ಪರ್ಧೆಯ ನಾಲ್ಕು ತಾರೀಖು. "ಈ ನಾಲ್ಕು ದಿನ ಆಗಲೇ 152ರಾಗ ಸೇರ್ಸೇನಿ. ಉಳಿದದ್ದಕ್ಕ ಏನೈತಿ?" ಅಂದರು. ಕ್ಯಾಂಪ್ ಇತ್ತು ಸರ್, ರೈಲು ಇತ್ತು ಸರ್ ಅಂದೆ. ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿದರು. ಕೆಂಪು ಇಂಕಿನಲ್ಲಿ ಸಾಲಾಗಿ ಗೈರು, ಗೈರು, ಗೈರು. ನಡುವೆ ನಾಲ್ಕೇ ನಾಲ್ಕು ಮನೆಗಳಲ್ಲಿ ಕೆಂಪು ಹೊಡೆದು ನೀಲಿಯಲ್ಲಿ ತಿದ್ದಿ, ಪಕ್ಕದಲ್ಲಿ ಸಣ್ಣ ಸಹಿ.

22ರಲ್ಲಿ 4 ಕಳೆಯಿರಿ. 18. ನನಗೆ ಕಡಿಮೆ ಬಿದ್ದಿದ್ದೂ ಸರಿಯಾಗಿ 18.

ಹಳೆಯ ಹೆಡ್‌ಮಾಸ್ತರಿಗೆ ಫೋನ್ ಮಾಡಿದೆ. ಪಾಪ, ಅವರು ಇವರಿಗೆ ಫೋನ್ ಮಾಡಿ ಹೇಳಿದರು. ಇವರು "ಆಗ್ಲಿ ಸರ್, ಆದ್ರ ಆವಕದಾಗ ಏನೂ ಇಲ್ಲಲ್ಲ" ಅಂದರು. ಆವಕ ಅಂದರೆ ಶಾಲೆಗೆ ಬಂದ ಕಾಗದಗಳನ್ನು ನಂಬರ್ ಹಾಕಿ ಬರೆದಿಡುವ ಪುಸ್ತಕ. ತಂಡದ ಮ್ಯಾನೇಜರ್ ಹತ್ತಿರ ಕ್ಯಾಂಪ್ ಪತ್ರ ಕೇಳಿದೆ. ಕೊಡುತ್ತೇನೆ ಕೊಡುತ್ತೇನೆ ಅಂತ ಫೆಬ್ರವರಿ ಕಳೆಯಿತು. ರೈಲಿನ ಟಿಕೆಟ್ ಎಲ್ಲರದ್ದೂ ಸೇರಿ ಒಂದೇ ಇತ್ತು, ಅದು ಯಾರ ಹತ್ತಿರ ಹೋಯಿತೋ. ಹೊಸ ಹೆಡ್‌ಮಾಸ್ತರ ಮೇಲೆ ಆಗ ಭಾರೀ ಸಿಟ್ಟಿತ್ತು, ಈಗ ಇಲ್ಲ. ಅವರಿಗೆ ನಾನು ಯಾರು? ಕಾಗದ ಇಲ್ಲದೆ 18 ದಿನ ತಿದ್ದಿದರೆ ನಾಳೆ ಅವರ ಕುತ್ತಿಗೆಗೆ ಬರುತ್ತೆ. ತಪ್ಪು ನನ್ನದೇ. ಹೊರಡುವ ಹಿಂದಿನ ದಿನ ಒಂದು ಹಾಳೆ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಕ್ಯಾಂಪ್ ಇಂಥ ದಿನದಿಂದ ಇಂಥ ದಿನ, ಪ್ರಯಾಣ ಇಂಥ ದಿನ, ಸ್ಪರ್ಧೆ ಇಂಥ ದಿನ, ಜೊತೆಗೆ ಆಯ್ಕೆ ಪತ್ರದ ಜೆರಾಕ್ಸ್. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಾನು ಏನು ಮಾಡುತ್ತಿದ್ದೆ ಗೊತ್ತಾ? ಅವ್ವನ ಹಳೇ ಸೀರೆ ಹರಿದು ಸೈಕಲ್ ಫ್ರೇಮಿಗೆ ಸುತ್ತುತ್ತಿದ್ದೆ, ರೈಲಲ್ಲಿ ಗೀರು ಬೀಳಬಾರದು ಅಂತ.

ಹಾಲ್ ಟಿಕೆಟ್ ಬರಲಿಲ್ಲ. ಜೊತೆಯವರೆಲ್ಲ ಪರೀಕ್ಷೆ ಬರೆದು ಪಿಯುಸಿಗೆ ಹೋದರು. ನಾನು ಜೂನ್‌ನಲ್ಲಿ ಮತ್ತೆ ಹತ್ತನೇ ತರಗತಿಯ ಬೆಂಚಿನ ಮೇಲೆ, ತಮ್ಮನ ಗೆಳೆಯರ ಪಕ್ಕ. ಅಪ್ಪ ಒಂದು ಮಾತೂ ಆಡದೆ ಸೈಕಲ್ಲನ್ನು ಮಗ್ಗದ ಮನೆಯ ಜಂತಿಗೆ ಹಗ್ಗ ಕಟ್ಟಿ ನೇತುಹಾಕಿದ. ಕೆಳಗೆ ಮಗ್ಗ ಬಡಿದಾಗಲೆಲ್ಲ ಮೇಲೆ ಚಕ್ರ ಸಣ್ಣಗೆ ತಿರುಗುತ್ತಿತ್ತು. ಅದನ್ನು ನೋಡುತ್ತಲೇ ಗಣಿತ ಮಾಡಿದೆ. ಹನ್ನೊಂದು ತಿಂಗಳ ಮೇಲೆ ಇಳಿಸಿದಾಗ ಟಯರ್ ಬಿರುಕು ಬಿಟ್ಟಿತ್ತು. ನನ್ನ ಕಾಲಿನ ಗತಿಯೂ ಅಷ್ಟೇ. ಮತ್ತೆ ನ್ಯಾಷನಲ್ಸ್ ಮುಖ ನೋಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಶಾಲೆಯಾ ಸೈಕಲ್ಲಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಮಗಳು ವರ್ಷಕ್ಕೆ ಎಷ್ಟು ದಿನ ನಿಜವಾಗಿ ರೇಸ್‌ಗೆ ಹೋಗುತ್ತಾಳೆ ಅಂತ ಮೊದಲು ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ನನ್ನ ಲೆಕ್ಕ ಕೊಡುತ್ತೇನೆ ಅಂದಿದ್ದೆನಲ್ಲ. ಆ ವರ್ಷ ಪುಸ್ತಕದಲ್ಲಿ ನಾನು 74 ದಿನ ಗೈರು. ಅದರಲ್ಲಿ ನ್ಯಾಷನಲ್ಸ್ ಪಾಲು 18. ಇನ್ನೂ 56 ಎಲ್ಲಿ ಹೋದವು? ರಾಜ್ಯ ಮಟ್ಟಕ್ಕೆ ಆರೇಳು ದಿನ, ಜ್ವರಕ್ಕೆ ಒಂದು ವಾರ. ಮಿಕ್ಕಿದ್ದೆಲ್ಲ ಜಾತ್ರೆ ರೇಸ್‌ಗಳು, ಅದರ ಮರುದಿನದ ನಿದ್ದೆ, ಮತ್ತೆ ಆ ಲಕ್ಕುಂಡಿ ಗಾಳಿ. ಶ್ರಾವಣದಲ್ಲಿ ಒಂದು ಊರು ಬಿಟ್ಟರೆ ಇನ್ನೊಂದು ಊರು. ಬಹುಮಾನ ಎರಡು ಸಾವಿರ, ಮೂರು ಸಾವಿರ, ಊರ ಹಿರಿಯರ ಕೈಯಿಂದ ಶಾಲು, ಊಟ. ಹದಿನೈದು ವರ್ಷದ ಹುಡುಗನಿಗೆ ಅದು ಬಿಡೋಕೆ ಮನಸ್ಸು ಬರಲ್ಲ. ನಾನಂತೂ ಹೇಳುತ್ತೇನೆ, ಶಾಲೆ ದಿನ ಬರುವ ಜಾತ್ರೆ ರೇಸ್ ಒಂದನ್ನೂ ಕಳಿಸಬೇಡಿ. ಕೋಚ್ ಮುನಿಸಿಕೊಳ್ಳಲಿ. ಡಾಂಬರು ಕಿತ್ತ ರಸ್ತೆಯಲ್ಲಿ, ಅಡ್ಡ ಬರುವ ಎಮ್ಮೆಗಳ ನಡುವೆ ಓಡಿಸಿ ನ್ಯಾಷನಲ್ಸ್‌ಗೆ ಯಾರೂ ತಯಾರಾಗಲ್ಲ.

ಓಪನ್ ಸ್ಕೂಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ದಿನಾ ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವುದು ಅಷ್ಟೇ. ಅದನ್ನು ನಡೆಸುವ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಸರ್ಕಾರದ್ದೇ ಸಂಸ್ಥೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಮ್ಮೆ ಸೇರಿದರೆ 5 ವರ್ಷದ ಒಳಗೆ 9 ಅವಕಾಶ, ಪಾಸಾದ ವಿಷಯ ಪಾಸಾದಂಗೇ ಉಳಿಯುತ್ತೆ. ಕೇಳೋಕೆ ಚೆಂದ. ನನ್ನ ಜೊತೆ ಓಡಿಸುತ್ತಿದ್ದ ಒಬ್ಬ ಅದಕ್ಕೆ ಸೇರಿದ. ಒಂಬತ್ತು ಅವಕಾಶ ಇದ್ದುದೇ ಅವನಿಗೆ ಮುಳುವಾಯಿತು. ಈ ಸಲ ಕ್ಯಾಂಪ್ ಇದೆ, ಮುಂದಿನ ಸಲ ಬರೆದರಾಯಿತು ಅಂತ ನಾಲ್ಕು ವರ್ಷ ತಳ್ಳಿದ. ಮನೆಯಲ್ಲಿ ಗದರಿಸಿ ಓದಿಸುವವರು ಇದ್ದರೆ ಆಗುತ್ತೆ. ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ ಅಂತ ಬರೆದಿದ್ದೀರಿ. ಹಾಗಿದ್ದರೆ ಬೇಡ. ಇನ್ನೊಂದು, ಶಾಲೆಗೆ ಹೋದರೆ ನೋಟ್ಸ್ ಕೊಡುವ ಒಬ್ಬ ಗೆಳತಿ ಇರುತ್ತಾಳೆ. ನನಗೆ ಎರಡನೇ ಸಲ ಗಣಿತ ಕಲಿಸಿದ್ದು ನನಗಿಂತ ಒಂದು ವರ್ಷ ಸಣ್ಣವಳಾದ ಪಕ್ಕದ ಬೆಂಚಿನ ಹುಡುಗಿ.

ಶಾಲೆ ಸಿಬಿಎಸ್‌ಇನಾ, ಸ್ಟೇಟಾ ಅಂತ ಬರೆದಿಲ್ಲ. ಸಿಬಿಎಸ್‌ಇ ಆದರೂ 75 ಪರ್ಸೆಂಟ್ ಬೇಕೇ ಬೇಕು. ಅಲ್ಲಿ ಒಂದು ಅನುಕೂಲ ಇದೆ. ಹತ್ತನೇ, ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ ದಿನವೇ ರಾಷ್ಟ್ರೀಯ ಸ್ಪರ್ಧೆ ಬಂದರೆ ಆಮೇಲೆ ಬೇರೆ ದಿನ ಬರೆಸುವ ವ್ಯವಸ್ಥೆ ಮಾಡಿದ್ದಾರೆ. ಆದರೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಮತ್ತೆ ಅದೇ ಕಾಗದ.

ಹಾಗಾಗಿ ಬೇರೆ ಏನು ಮರೆತರೂ ಇದೊಂದು ಮಾಡಿ. ಆಯ್ಕೆ ಪತ್ರ ಕೈಗೆ ಬಂದ ದಿನವೇ ಅರ್ಜಿ ಬರೆಯಿರಿ. ಸ್ಪರ್ಧೆ ದಿನ ಮಾತ್ರ ಬರೆದು ಕೈಬಿಡಬೇಡಿ, ಕ್ಯಾಂಪ್ ಮತ್ತು ಪ್ರಯಾಣದ ತಾರೀಖೂ ಅದರಲ್ಲಿರಲಿ. ಎರಡು ಪ್ರತಿ ಮಾಡಿ. ಒಂದು ಶಾಲೆಗೆ. ಇನ್ನೊಂದರ ಮೇಲೆ ಆವಕ ನಂಬರ್ ಹಾಕಿಸಿ, ಸೀಲ್ ಒತ್ತಿಸಿ ಮನೆಗೆ ತನ್ನಿ. ಹೆಡ್‌ಮಾಸ್ತರು "ಅದೆಲ್ಲ ಯಾಕ್ರೀ, ನಾವಿಲ್ಲೇನು" ಅಂದರೆ ನಕ್ಕು ಸೀಲ್ ಒತ್ತಿಸಿಕೊಂಡೇ ಬನ್ನಿ. ಕ್ಯಾಂಪ್ ಮುಗಿದು ಹೊರಡುವ ಮುಂಚೆ ಮ್ಯಾನೇಜರ್ ಹತ್ತಿರ ಇಷ್ಟು ದಿನ ಇದ್ದಳು ಅಂತ ಬರೆಸಿಕೊಳ್ಳಲು ಮಗಳಿಗೆ ಹೇಳಿ. ಊರಿಗೆ ಬಂದ ಮೇಲೆ ಕೊಡುತ್ತೇನೆ ಅಂದರೆ ಆ ಪತ್ರ ಬರಲ್ಲ ಅಂತಲೇ ತಿಳಿಯಿರಿ. ರೈಲಿನ ಟಿಕೆಟ್‌ದು ಒಂದು ಫೋಟೊ ತೆಗೆದಿಡಿ. ಮತ್ತೆ ತಿಂಗಳ ಕೊನೆಗೆ ಶಾಲೆಗೆ ಹೋಗಿ ಹಾಜರಿ ಪುಸ್ತಕ ಕಣ್ಣಿಂದ ನೋಡಿ ಬನ್ನಿ. ಜನವರಿ ತನಕ ಕಾಯಬೇಡಿ. ಆಗಸ್ಟ್‌ನಲ್ಲಿ ಕಂಡ ಕೆಂಪು ಇಂಕನ್ನು ತಿದ್ದಿಸಬಹುದು, ಜನವರಿಯಲ್ಲಿ ಯಾರೂ ಮುಟ್ಟಲ್ಲ.

ಇಷ್ಟು ಮಾಡಿಯೂ ಮುಂದಿನ ವರ್ಷ ಹಾಜರಾತಿ ಸಾಲದು ಅನ್ನಿಸಿದರೆ, ಎಸ್‌ಎಸ್‌ಎಲ್‌ಸಿ ವರ್ಷ ನ್ಯಾಷನಲ್ಸ್ ಒಂದನ್ನೇ ಇಟ್ಟುಕೊಂಡು ಉಳಿದ ಎಲ್ಲ ರೇಸ್ ಬಿಡಿಸಿ. ಕಾಲು ಒಂದು ವರ್ಷದಲ್ಲಿ ಎಲ್ಲೂ ಹೋಗಲ್ಲ, ದಿನಾ ಒಂದು ತಾಸು ತುಳಿಯುತ್ತಿದ್ದರೆ ಸಾಕು. ಜಂತಿಗೆ ಮಾತ್ರ ನೇತುಹಾಕಬೇಡಿ.

ಹಾಂ, ಕೊನೆಯಲ್ಲಿ ಸೈಕಲ್ ಪ್ಯಾಕ್ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಸೈಕಲ್ ಅಂಗಡಿ ಇದೆ, ವಾರಕ್ಕೊಬ್ಬರು ಮುರಿದ ಪೆಡಲ್ ಹಿಡಿದು ಬರುತ್ತಾರೆ. ಬಲ ಪೆಡಲ್ ಎಲ್ಲ ಬೋಲ್ಟಿನ ಹಾಗೇ ಬಿಚ್ಚುತ್ತೆ. ಎಡ ಪೆಡಲ್‌ದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಬರಲಿಲ್ಲ ಅಂತ ಸ್ಪ್ಯಾನರ್ ಮೇಲೆ ಕಾಲಿಟ್ಟು ಒತ್ತಬೇಡಿ. ಹಿಂದಿನ ಗೇರ್ ಇರುವ ಕಡೆ ಮೇಲೆ ಬರುವ ಹಾಗೆ ಮಲಗಿಸಿ. ಸುತ್ತೋಕೆ ಹಳೇ ಕಾಟನ್ ಸೀರೆಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.