ಅತ್ತೆ ಮಾವನ ಜೊತೆ ಸೈಕಲ್ ಸವಾರಿ: ಸಾಯರ್ ಕ್ಯಾಂಪ್‌ಗೆ ಹೋಗಿ, ಆದ್ರೆ ದಕ್ಷಿಣದ ಗೇಟಿಂದ

ಊರಿಂದ ಅತ್ತೆ ಮಾವ ಬಂದಿದಾರೆ, ಮಾವನಿಗೆ 68, ಸೈಕಲ್ ಹೊಡಿಯೋ ಆಸೆ, ಅತ್ತೆಗೆ ಬರಲ್ಲ, ಮಕ್ಕಳಿಗೆ 6 ಮತ್ತು 9, ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಕಾರಿನ ಕಾಟ ಇಲ್ದಿರೋ ಡಾಂಬರು ಟ್ರೇಲ್ ಯಾವ್ದು ಅಂತ ಕೇಳಿದೀರಲ್ಲ. ನನ್ನ ಉತ್ತರ ಸಾಯರ್ ಕ್ಯಾಂಪ್ ಟ್ರೇಲ್, ಸ್ಯಾನ್ ಮಟೇಯೋ ಕೌಂಟಿದು, 280 ಹೆದ್ದಾರಿ ಪಕ್ಕದಲ್ಲೇ. ಒಟ್ಟು ಸುಮಾರು 6 ಮೈಲಿ, ಪೂರ್ತಿ ಡಾಂಬರು, ಒಂದು ಕಡೆ ಕ್ರಿಸ್ಟಲ್ ಸ್ಪ್ರಿಂಗ್ಸ್ ಕೆರೆ ಇನ್ನೊಂದು ಕಡೆ ಗುಡ್ಡ, ದುಡ್ಡು ಕೊಡೋ ಹಾಗಿಲ್ಲ.

ಆದ್ರೆ ಒಂದು ಮಾತು, ಪೂರ್ತಿ ಮುಗಿಸ್ತೀನಿ ಅಂತ ಹೊರಡಬೇಡಿ. ನಾವು ಮೊದಲ್ನೇ ಸಲ ಹೋದಾಗ ಉತ್ತರದ ತುದೀಲಿ, ಮಿಲ್‌ಬ್ರೇ ಊರಿನ ಕಡೆ ಇರೋ ಹಿಲ್‌ಕ್ರೆಸ್ಟ್ ಗೇಟ್ ಹತ್ರ ಕಾರು ನಿಲ್ಲಿಸಿ ಶುರು ಮಾಡಿದ್ವಿ. ಆಹಾ, ಪೆಡಲ್ ತುಳಿಯೋದೇ ಬೇಡ, ಸುಯ್ಯಂತ ಇಳಿಜಾರು, ಮಗ ಕೂಗ್ಕೊಂಡು ಹೋದ, ನಾನೂ ಇಷ್ಟು ಸುಲಭಾನಾ ಅಂದ್ಕೊಂಡೆ. ವಾಪಸ್ ಬರುವಾಗ ಗೊತ್ತಾಯ್ತು, ಆ ಇಳಿಜಾರೇ ಕೊನೇಲಿ ಏರಾಗಿ ಕಾಯ್ತಿರತ್ತೆ ಅಂತ, ಅಷ್ಟೊತ್ತಿಗೆ ನೀರು ಖಾಲಿ ಕಾಲೂ ಖಾಲಿ, ಮಗ ಸೈಕಲ್ ಬಿಸಾಕಿ ರಸ್ತೆ ಪಕ್ಕ ಕೂತು ಅಳೋಕೆ ಶುರು ಮಾಡ್ದ, ನಾನು ಒಂದು ಕೈಲಿ ನನ್ನ ಸೈಕಲ್ಲು ಇನ್ನೊಂದು ಕೈಲಿ ಅವನದ್ದು ತಳ್ಕೊಂಡು ಹತ್ತಿದೆ. ಹಾಗಾಗಿ ದಕ್ಷಿಣದ ಗೇಟಿಂದ ಹೊರಡಿ, ಅಂದ್ರೆ ಸ್ಕೈಲೈನ್ ಬುಲೆವಾರ್ಡ್ ಮತ್ತು ಕ್ರಿಸ್ಟಲ್ ಸ್ಪ್ರಿಂಗ್ಸ್ ರೋಡ್ ಸೇರೋ ಕಡೆಯಿಂದ. ಅಲ್ಲಿಂದ ಮೂರೂವರೆ ಮೈಲಿ ಸಣ್ಣ ಪುಟ್ಟ ಏರಿಳಿತ ಅಷ್ಟೇ, ಜೆಪ್ಸನ್ ಲಾರೆಲ್ ಅನ್ನೋ ಹಳೇ ಮರದ ತನಕ ಹೋಗಿ, ಊಟ ಮಾಡಿ, ತಿರುಗಿ ಬನ್ನಿ. ಹೋಗಿ ಬಂದ್ರೆ 11 ಕಿಲೋಮೀಟರ್ ಆಗತ್ತೆ, 6 ವರ್ಷದ ಮಗುಗೆ ಅಷ್ಟೇ ಜಾಸ್ತಿ. ಅರ್ಧರ್ಧ ಮೈಲಿಗೂ ಗುರುತು ಇದೆ, ಮಗು ಮುಖ ಸಪ್ಪೆ ಆಯ್ತು ಅಂದ್ರೆ ಅಲ್ಲಿಂದಾನೇ ತಿರುಗಿಸಿ, ಬಿಸ್ಕೆಟ್ ಆಸೆ ತೋರಿಸಿ ಮುಂದೆ ಕರ್ಕೊಂಡು ಹೋಗ್ಬೇಡಿ.

ಇನ್ನು ಮಾವನ ವಿಷ್ಯ, ಇದೇ ಮುಖ್ಯ. ನಮ್ಮಪ್ಪ ದಾವಣಗೆರೆಲಿ ಮೂವತ್ತು ವರ್ಷ ಸೈಕಲ್ ತುಳಿದೋರು, ನಂಗೇನು ಹೇಳ್ಕೊಡ್ತೀಯ ಅಂದ್ರು. ಹತ್ತು ನಿಮಿಷದಲ್ಲಿ ಎದುರಿಂದ ಬರ್ತಿದ್ದೋರಿಗೆ ಗುದ್ದೋದು ಸ್ವಲ್ಪದ್ರಲ್ಲಿ ತಪ್ತು, ಯಾಕಂದ್ರೆ ಗಾಬರಿ ಆದ ತಕ್ಷಣ ಅವರ ಕೈ ತಾನಾಗೇ ಎಡಕ್ಕೆ ಎಳೀತು, ಇಲ್ಲಿ ಬಲಕ್ಕೆ ಸರೀಬೇಕು. ಅದೂ ಅಲ್ದೆ ಇಲ್ಲಿ ಎಡಗೈ ಬ್ರೇಕು ಮುಂದಿನ ಚಕ್ರಕ್ಕೆ, ನಮ್ಮೂರ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈದು ಮುಂದಿನದು. ಹಳೇ ಅಭ್ಯಾಸದಲ್ಲಿ ಎಡಗೈ ಒತ್ತಿದ್ರೆ ಇಳಿಜಾರಲ್ಲಿ ಮುಗ್ಗರಿಸ್ತಾರೆ. ಹಿಂದಿನ ದಿನ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಾಲು ಗಂಟೆ ಹೊಡೆಸಿ, ಬಲಗೈ ಬ್ರೇಕ್ ಮೊದಲು, ಬಲಕ್ಕೇ ಸರಿ, ಇವೆರಡೇ ಪಾಠ. ಹಿಂದಿಂದ ಯಾರಾದ್ರೂ "ಆನ್ ಯುವರ್ ಲೆಫ್ಟ್" ಅಂದ್ರೆ ಅವರು ಎಡಗಡೆಯಿಂದ ದಾಟ್ತಿದಾರೆ ಅಂತ, ಎಡಕ್ಕೆ ಬಾ ಅಂತ ಅಲ್ಲ, ಇದನ್ನ ಮಕ್ಕಳಿಗೂ ಹೇಳಿ. ಟ್ರೇಲ್‌ನಲ್ಲಿ ಸ್ಪೀಡ್ ಮಿತಿ ಗಂಟೆಗೆ 15 ಮೈಲಿ ಇದೆ, ಆದ್ರೂ ಬಿಗಿ ಬಟ್ಟೆ ಹಾಕ್ಕೊಂಡ ಗುಂಪುಗಳು ಬಾಣದ ಥರ ಬರ್ತಾರೆ.

ಮಾವನಿಗೆ ಸೊಂಟ ಮಂಡಿ ತೊಂದ್ರೆ ಇದ್ರೆ ಮಧ್ಯ ಬಾರ್ ಇಲ್ಲದ ಸೈಕಲ್ಲೇ ಕೊಡಿ. ನಮ್ಮಪ್ಪ ಲೇಡೀಸ್ ಸೈಕಲ್ ಹತ್ತಲ್ಲ ಅಂತ ಹಠ ಹಿಡಿದ್ರು, ಎರಡು ಸಲ ಕಾಲೆತ್ತಿ ನೋಡಿ ಸುಮ್ನೆ ಅದನ್ನೇ ಹತ್ತಿದ್ರು. ಸೀಟು ಎರಡೂ ಪಾದ ನೆಲಕ್ಕೆ ತಾಗೋ ಹಾಗೆ ಇಳಿಸಿ. ಹೆಲ್ಮೆಟ್ 18 ವರ್ಷದ ಒಳಗಿನವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ, ಮಾವನಿಗೆ ಕಾನೂನಿಲ್ಲ, ಆದ್ರೂ ಹಾಕಿಸಿ, ವಿಸಿಟರ್ ಇನ್ಶೂರೆನ್ಸ್ ನಂಬ್ಕೊಂಡು ಬೀಳೋದು ಬೇಡ.

ಅತ್ತೆ ಆರಾಮಾಗಿ ನಡೀಲಿ, ಅಲ್ಲಿ ನಡಿಯೋರೇ ಜಾಸ್ತಿ, ಅರ್ಧ ಮೈಲಿ ನಡೆದ್ರೂ ಕೆರೆ ಕಾಣ್ತಾನೇ ಇರತ್ತೆ, ಜಿಂಕೆನೂ ಸಿಗಬಹುದು. ಕೆರೆಗೆ ಮಾತ್ರ ಇಳಿಯೋ ಹಾಗಿಲ್ಲ, ಸ್ಯಾನ್ ಫ್ರಾನ್ಸಿಸ್ಕೋ ಕುಡಿಯೋ ನೀರು ಅದು, ಬೇಲಿ ಹಾಕಿದಾರೆ. ರಸ್ತೆ ಅಂಚಲ್ಲಿ ಒಂದೇ ತೊಟ್ಟಿಗೆ ಮೂರು ಎಲೆ ಇರೋ ಗಿಡ ಇರತ್ತೆ, ಪಾಯ್ಸನ್ ಓಕ್, ನಮ್ಮಮ್ಮ ಅಯ್ಯೋ ಬಿಲ್ವಪತ್ರೆ ಥರ ಇದೆ ಅಂತ ಕೈ ಹಾಕೋಕೆ ಹೋಗಿದ್ರು! ಮಾವಿನ ಸೊನೆ ತಾಗಿದ್ರೆ ಕೆಲವರಿಗೆ ಬೊಬ್ಬೆ ಬರತ್ತಲ್ಲ, ಅದೇ ಕುಟುಂಬದ ಗಿಡ, ಅದಕ್ಕಿಂತ ತುಂಬಾ ಜೋರು. ಮಗು ಮೂತ್ರಕ್ಕೆ ಅಂತ ಪೊದೆ ಕಡೆ ಹೋಗೋದೂ ಬೇಡ, ದಾರೀಲಿ ಟಾಯ್ಲೆಟ್ ಇದೆ, ಆದ್ರೆ ಒಂದು ಬಾಟ್ಲಿ ನೀರು ಬೇರೆ ಇಟ್ಕೊಳ್ಳಿ, ಯಾಕೆ ಅಂತ ಹಿರಿಯರನ್ನ ಕರ್ಕೊಂಡು ಓಡಾಡೋರಿಗೆ ಗೊತ್ತು.

ಲಾರೆಲ್ ಮರದ ಹತ್ರ ಟೇಬಲ್ ಇದೆ, ಚಿತ್ರಾನ್ನ ಮೊಸರನ್ನ ಅಲ್ಲೇ ಬಿಚ್ಚಬಹುದು. ಮರಕ್ಕೆ 600 ವರ್ಷಕ್ಕಿಂತ ಜಾಸ್ತಿ ಅಂತಾರೆ. ಕೆಳಗೆ ಬಿದ್ದ ಎಲೆ ಒಂದನ್ನ ಕೈಲಿ ಉಜ್ಜಿ ಮೂಸಿ ನೋಡಿ, ಅಮೃತಾಂಜನ್ ಡಬ್ಬಿ ಮುಚ್ಚಳ ತೆಗೆದಂಗೆ ಮೂಗಿಗೆ ಹೊಡೆಯತ್ತೆ. ಪಲಾವ್ ಎಲೆ ಇದೇನಾ ಅಂತ ಅತ್ತೆ ಕೇಳೇ ಕೇಳ್ತಾರೆ, ಅಲ್ಲ, ದೂರದ ನೆಂಟ, ಕೀಳೋಕೂ ಬಿಡಲ್ಲ. ಮಾವನಿಗೆ ಇಂಥದ್ರಲ್ಲಿ ಆಸಕ್ತಿ ಇದ್ರೆ ಹೇಳಿ, ಸ್ಯಾನ್ ಆಂಡ್ರಿಯಾಸ್ ಭೂಕಂಪದ ಬಿರುಕು ಈ ಕಣಿವೇಲೇ ಹಾದು ಹೋಗೋದು, ಹೆಸರು ಬಂದಿದ್ದೂ ಇಲ್ಲಿಂದಾನೇ, ಇನ್ನೂ ಮುಂದೆ ಸಿಗೋ ಸ್ಯಾನ್ ಆಂಡ್ರಿಯಾಸ್ ಕಟ್ಟೆ 1906ರ ಭೂಕಂಪದಲ್ಲೂ ಒಡೀಲಿಲ್ಲ. ಕಟ್ಟೆ ನೋಡ್ಲೇಬೇಕು ಅಂದ್ರೆ ಅವರೊಬ್ರನ್ನ ಕರ್ಕೊಂಡು ಹೋಗಿ ಬನ್ನಿ, ಮಕ್ಕಳು ಇಲ್ಲೇ ಆಡ್ಲಿ. ಕಟ್ಟೆ ದಾಟಿದ್ಮೇಲೆ ಬರೋದೇ ನಾನು ಹೇಳಿದ ಏರು.

ಬೆಳಿಗ್ಗೆ 9ರ ಒಳಗೆ ಹೋಗಿ, ಪಾರ್ಕಿಂಗ್ ಕಮ್ಮಿ. ಬೇಸಿಗೇಲಿ ಮಧ್ಯಾಹ್ನದ ಮೇಲೆ ಪಶ್ಚಿಮದ ಗುಡ್ಡದಿಂದ ಮಂಜು ಹಾಲು ಉಕ್ಕಿದಂಗೆ ಇಳಿಯತ್ತೆ, ಗಾಳಿ ಬೇರೆ, ಎಲ್ರಿಗೂ ಸ್ವೆಟರ್ ಇರ್ಲಿ. ನಾಯಿ ಬಿಡಲ್ಲ.

ಲೇಡೀಸ್ ಸೈಕಲ್ ಬೇಕಿದ್ರೆ ನಮ್ಮನೇಲಿ ಇದೆ, ಟ್ಯೂಬ್ ಹೊಸದು, ಸೀಟು ಸ್ವಲ್ಪ ಕಿರ್ ಅನ್ನತ್ತೆ. ಶುಕ್ರವಾರ ಸಂಜೆ ಬನ್ನಿ, ರ‍್ಯಾಕು ನಿಮ್ಮ ಕಾರಿಗೆ ಕೂರತ್ತಾ ಅಂತ ಆಗ್ಲೇ ನೋಡ್ಬಿಡೋಣ.