ಅಮ್ಮನಿಗೆ ಎಷ್ಟು ಆರೈಕೆ ಬೇಕು? ರಾತ್ರಿಯ ಲೆಕ್ಕ ಮೊದಲು ಹಾಕಿ

ಪ್ರಶ್ನೆ: ತಾಯಿಗೆ 78 ವರ್ಷ, ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಮೂರು ತಿಂಗಳಲ್ಲಿ ಎರಡು ಸಲ ಬಿದ್ದರು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಾತ್ರೆ ತೆಗೆದುಕೊಂಡದ್ದು ಮರೆತು ಮತ್ತೆ ತೆಗೆದುಕೊಳ್ಳುತ್ತಾರೆ. ಅಡುಗೆ, ಸ್ನಾನ ಎಲ್ಲ ಅವರೇ ಮಾಡಿಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಣ್ಣ ಅಮೆರಿಕದಲ್ಲಿದ್ದಾನೆ. 'ನರ್ಸ್ ಇರುವ ಕಡೆಗೇ ಸೇರಿಸು, ಮುಂದೆ ಹೇಗೂ ಬೇಕಾಗುತ್ತದೆ' ಎನ್ನುತ್ತಾನೆ. ಅಮ್ಮ ಆಶ್ರಮದ ಮಾತೆತ್ತಿದರೇ ಊಟ ಬಿಡುತ್ತಾರೆ. ಏನು ಮಾಡಲಿ?

ಉತ್ತರ: ಅಣ್ಣನ ಸಲಹೆ ಮೇಲ್ನೋಟಕ್ಕೆ ಸುರಕ್ಷಿತ ಅನ್ನಿಸುತ್ತದೆ, ಆದರೆ ಒಪ್ಪಬೇಡಿ. ಅಗತ್ಯಕ್ಕಿಂತ ಹೆಚ್ಚಿನ ಆರೈಕೆಯೂ ಹಿರಿಯರನ್ನು ಕುಗ್ಗಿಸುತ್ತದೆ. ತಾವೇ ನಡೆದು ಬಚ್ಚಲಿಗೆ ಹೋಗುವವರನ್ನು ಹಾಸಿಗೆ ಹಿಡಿದವರ ವಾರ್ಡಿಗೆ ಸೇರಿಸಿದರೆ, ಬಿದ್ದಾರೆಂಬ ಭಯಕ್ಕೆ ಸಿಬ್ಬಂದಿ ಅವರನ್ನು ಕೂತಲ್ಲೇ ಕೂರಿಸುತ್ತಾರೆ, ಅನುಕೂಲಕ್ಕೆಂದು ಡೈಪರ್ ಹಾಕುತ್ತಾರೆ. ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯು ಸೊರಗುತ್ತದೆ. ಆಮೇಲೆ ನರ್ಸ್ ನಿಜವಾಗಿಯೂ ಬೇಕಾಗುತ್ತದೆ.

ಜಾಗ ಹುಡುಕುವ ಮುಂಚೆ, ಬೀಳುವುದಕ್ಕೂ ಮರೆವಿಗೂ ಸರಿಪಡಿಸಬಹುದಾದ ಕಾರಣ ಇದೆಯೇ ನೋಡಿ. ಐದು ನಿಮಿಷ ಮಲಗಿಸಿ ಬಿಪಿ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಅಳೆಯಿರಿ. ಮೇಲಿನ ಸಂಖ್ಯೆ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಹಾಸಿಗೆಯಿಂದ ಎದ್ದಾಗ ತಲೆ ಸುತ್ತಿ ಬೀಳುತ್ತಿರಬಹುದು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನಿದ್ದೆ ಮಾತ್ರೆಗಳ ಮೇಲೆ ಮೊದಲ ಅನುಮಾನ ಇರಲಿ. ಆದರೆ ನೀವಾಗಿ ಏನನ್ನೂ ನಿಲ್ಲಿಸಬೇಡಿ, ಈ ಅಂಕಿಗಳನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ಸಕ್ಕರೆ ಮಾತ್ರೆಯನ್ನು ಎರಡು ಸಲ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಬೀಳುವುದೂ ಉಂಟು. ಮರೆವಿಗೆ ಥೈರಾಯ್ಡ್, ಬಿ12, ಸೋಡಿಯಂ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ, ಕಿವಿ ಕೇಳಿಸದಿರುವುದು ಕೂಡ ಮರೆವಿನಂತೆ ಕಾಣುತ್ತವೆ. ಇಷ್ಟಾದ ಮೇಲೂ ಮರೆವು ಉಳಿದರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಿ.

ಮುಂದಿನದು ಲೆಕ್ಕ. ಸ್ನಾನ, ಬಟ್ಟೆ ಉಡುವುದು, ಶೌಚಾಲಯ ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ: ಈ ಆರನ್ನು ವೈದ್ಯರು ದಿನನಿತ್ಯದ ಕೆಲಸಗಳು ಎನ್ನುತ್ತಾರೆ. ನಿಮ್ಮ ತಾಯಿ ಆರನ್ನೂ ಮಾಡಿಕೊಳ್ಳುತ್ತಾರೆ. ಅವರು ಎಡವುತ್ತಿರುವುದು ಎರಡನೇ ಗುಂಪಿನಲ್ಲಿ, ಅಂದರೆ ಮಾತ್ರೆ, ಹಣಕಾಸು, ಸಾಮಾನು ತರುವುದು, ಫೋನು, ಓಡಾಟ ಇಂಥವುಗಳಲ್ಲಿ. ಎರಡನೇ ಗುಂಪು ಮಾತ್ರ ಸಡಿಲವಾಗಿದ್ದರೆ, ಊಟ ಮತ್ತು ಕಾವಲು ಇರುವ ಹಿರಿಯರ ವಸತಿ ಸಾಕು. ಮನೆಯಲ್ಲೇ ಹಗಲು ಹೊತ್ತು ಒಬ್ಬ ಸಹಾಯಕಿ ಇದ್ದರೂ ನಡೆಯುತ್ತದೆ. ಆರರಲ್ಲಿ ಒಂದೆರಡಕ್ಕೆ ಕೈ ಬೇಕಾದರೆ ಅಸಿಸ್ಟೆಡ್ ಲಿವಿಂಗ್, ಅಂದರೆ ಇಂಥ ಕೆಲಸಗಳಿಗೆ ನೆರವಾಗುವ ಸಿಬ್ಬಂದಿ ಇರುವ ವಸತಿ ಯೋಚಿಸಿ. ಎಬ್ಬಿಸಲು ಇಬ್ಬರು ಬೇಕು, ಮೂಗಿನ ಟ್ಯೂಬಿನಲ್ಲಿ ಊಟ, ಮೂತ್ರಕ್ಕೆ ಕ್ಯಾಥೆಟರ್ ಕೊಳವೆ, ಗಾಯದ ಡ್ರೆಸ್ಸಿಂಗ್ ಇದೆ ಎಂದಾಗ ನರ್ಸಿಂಗ್ ಕೇರ್. ಮರೆಗುಳಿ ಕಾಯಿಲೆಗೆ ಈ ಏಣಿ ಅನ್ವಯಿಸುವುದಿಲ್ಲ. ಕೈಕಾಲು ಗಟ್ಟಿಯಿದ್ದರೂ ಬಾಗಿಲು ತೆಗೆದು ರಸ್ತೆಗೆ ಹೋಗುವವರಿಗೆ ಅದಕ್ಕೆಂದೇ ಕಟ್ಟಿದ, ಸುತ್ತಾಡಲು ಅಂಗಳವಿರುವ ಜಾಗವೇ ಬೇಕು.

ಈ ಲೆಕ್ಕವನ್ನು ರಾತ್ರಿಗೂ ಹಾಕಿ. ಯಾವ ಮಟ್ಟದ ಆರೈಕೆ ಬೇಕೆಂದು ನಿರ್ಧಾರವಾಗುವುದು ಬಹುಪಾಲು ಅಲ್ಲೇ. ನೀವು ಹೋದಾಗ ಅಮ್ಮ ಉತ್ಸಾಹದಲ್ಲಿ ಓಡಾಡುತ್ತಾರೆ, ಆ ಎರಡು ದಿನ ಏನೂ ತಿಳಿಯುವುದಿಲ್ಲ. ಕನಿಷ್ಠ ಒಂದು ವಾರ ಜೊತೆಗಿದ್ದು, ರಾತ್ರಿ ಎಷ್ಟು ಸಲ ಏಳುತ್ತಾರೆ, ಕತ್ತಲಲ್ಲಿ ಏನು ಹಿಡಿದು ನಡೆಯುತ್ತಾರೆ, ಬಚ್ಚಲಿಗೆ ತಲುಪುವ ಮುಂಚೆ ಬಟ್ಟೆ ಒದ್ದೆಯಾಗುತ್ತದೆಯೇ ಎಂದು ಬರೆದಿಡಿ. ಹಗಲು ಒಂದು ಸಣ್ಣ ಪರೀಕ್ಷೆ ಮಾಡಿ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಫಿಸಿಯೋಥೆರಪಿಸ್ಟರನ್ನು ಕಾಣಿ.

ನೀವು ಬರೆದಿರುವಷ್ಟರ ಮೇಲೆ ಹೇಳುವುದಾದರೆ, ಮೊದಲ ಮೂರು ತಿಂಗಳು ಮನೆಯಲ್ಲೇ ಪ್ರಯತ್ನಿಸಿ. ಕಮೋಡ್ ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ರಾಡನ್ನು ನಂಬಬೇಡಿ, ಭಾರ ಬಿದ್ದರೆ ಅದು ಕಿತ್ತು ಬರುತ್ತದೆ. ಬಕೆಟ್ಟಿಗೆ ಬಗ್ಗುವ ಬದಲು ಜಾರದ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಲಿ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಬಿದ್ದವರು ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗುವುದಿಲ್ಲ. ಮಾತ್ರೆಗಳನ್ನು ವಾರದ ಡಬ್ಬಿಗೆ ಹಾಕಿ, ಉಳಿದ ಸ್ಟ್ರಿಪ್‌ಗಳನ್ನು ಬೀಗದಲ್ಲಿಡಿ. ಸ್ಟ್ರಿಪ್ ಕೈಗೆ ಸಿಗುವಂತಿದ್ದರೆ ಡಬ್ಬಿ ಇಟ್ಟೂ ಪ್ರಯೋಜನವಿಲ್ಲ. ಇಷ್ಟಾಗಿಯೂ ಮತ್ತೆ ಬಿದ್ದರೆ, ಅಥವಾ ರಾತ್ರಿ ಏಳಲು ಕೈ ಬೇಕಾದರೆ, ಅಸಿಸ್ಟೆಡ್ ಲಿವಿಂಗ್ ಕಡೆ ಹೊರಳಿ.

ಅಮ್ಮನ ಹಟದ ಬಗ್ಗೆ ಒಂದು ಮಾತು. ಮನೆ ಮಾರುವ, ಬಾಡಿಗೆಗೆ ಕೊಡುವ ವಿಚಾರವನ್ನು ಇದೇ ಹೊತ್ತಿಗೆ ಎತ್ತಬೇಡಿ. ಹಲವು ಕಡೆ ಒಂದೆರಡು ವಾರದ ತಾತ್ಕಾಲಿಕ ವಾಸಕ್ಕೆ ಅವಕಾಶವಿದೆ. ಅಷ್ಟು ದಿನ ಇದ್ದು ನೋಡೋಣ ಎಂದು ಅಮ್ಮನನ್ನು ಕೇಳಿ, ಮನೆಯ ಬೀಗದ ಕೈ ಅವರ ಹತ್ತಿರವೇ ಇರಲಿ. ಸುಳ್ಳು ಹೇಳಿ ಕರೆದೊಯ್ದು ಬಿಟ್ಟು ಬರುವುದು ಮಾತ್ರ ಬೇಡ. ಆಮೇಲೆ ಅಲ್ಲಿ ಯಾರು ಕೊಟ್ಟ ಮಾತ್ರೆಯನ್ನೂ ಅವರು ನಂಬುವುದಿಲ್ಲ.

ಪ್ರಶ್ನೆ: ತಂದೆಗೆ 82. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಮೂರನೇ ದಿನದಿಂದ ಸಂಜೆಯಾದರೆ ಏನೇನೋ ಮಾತಾಡುತ್ತಾರೆ, ನಮ್ಮ ಗುರುತೂ ಹಿಡಿಯುವುದಿಲ್ಲ. ಬೆಳಿಗ್ಗೆ ಸರಿಯಿರುತ್ತಾರೆ. ಮರೆಗುಳಿ ಕಾಯಿಲೆಯವರ ಕೇಂದ್ರಕ್ಕೆ ಸೇರಿಸಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ಥಟ್ಟನೆ ಶುರುವಾಗಿ, ಹೊತ್ತಿಗೊಂದು ಥರ ಇರುವ ಗೊಂದಲವನ್ನು ಡೆಲಿರಿಯಂ ಎನ್ನುತ್ತಾರೆ. ಮರೆಗುಳಿ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುವಂಥದ್ದು. ಡೆಲಿರಿಯಂಗೆ ಮೂತ್ರದ ಸೋಂಕು, ಮಲಬದ್ಧತೆ, ನೋವು, ಸೋಡಿಯಂ ಇಳಿತ, ಹೊಸ ಔಷಧಿ ಹೀಗೆ ಕಾರಣಗಳಿರುತ್ತವೆ. ಇವತ್ತೇ ವೈದ್ಯರಿಗೆ ತಿಳಿಸಿ. ಕನ್ನಡಕ, ಕಿವಿಯಂತ್ರ ಹಾಕಿ, ಗಡಿಯಾರ ಕಣ್ಣಿಗೆ ಕಾಣುವಂತಿಡಿ, ಮನೆಯವರೊಬ್ಬರು ಪಕ್ಕದಲ್ಲಿರಿ. ಕೆಲವರಿಗೆ ಇಳಿಯಲು ವಾರಗಳೇ ಬೇಕು. ಮೊದಲೇ ಮರೆವು ಇತ್ತೆಂದಾದರೆ, ಇದು ಇಳಿದ ಮೇಲೆ ಅದರ ತಪಾಸಣೆ ಮಾಡಿಸಿ.

ಅಲ್ಲಿಯವರೆಗೆ ಬೇಕಿರುವುದು ಪುನಶ್ಚೇತನ ಸೌಲಭ್ಯವಿರುವ ತಾತ್ಕಾಲಿಕ ಆರೈಕೆ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಯಾವ ಕೇಂದ್ರದವರೂ ನಡೆಸಲು ಧೈರ್ಯ ಮಾಡುವುದಿಲ್ಲ. ವಾರಕ್ಕೆ ಎಷ್ಟು ದಿನ ಫಿಸಿಯೋಥೆರಪಿ, ಉಳಿದ ದಿನ ಯಾರು ನಡೆಸುತ್ತಾರೆ ಕೇಳಿ. ಮಲಗಿಯೇ ಇದ್ದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಳಿ ಹಾಸಿಗೆ ಇದೆ ಎಂದು ಇದನ್ನು ಬಿಟ್ಟರೆ ಬೆನ್ನಿನ ಕೆಳಭಾಗ, ಹಿಮ್ಮಡಿ ಹುಣ್ಣಾಗುತ್ತವೆ.

ಪ್ರಶ್ನೆ: ಹಿರಿಯರ ಆರೈಕೆಯ ಮೂರು ಕೇಂದ್ರ ನೋಡಿದ್ದೇವೆ. ಮೂರೂ ಕಡೆ '24 ಗಂಟೆ ನರ್ಸ್' ಎಂದೇ ಹೇಳುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಏನು ನೋಡಬೇಕು?

ಉತ್ತರ: ಫೋನ್ ಮಾಡದೆ ರಾತ್ರಿ ಎಂಟರ ಹೊತ್ತಿಗೆ ಹೋಗಿ. ಈ ಪಾಳಿಯಲ್ಲಿ ಎಷ್ಟು ಮಂದಿ, ಎಷ್ಟು ಹಿರಿಯರಿಗೆ ಎಂದು ಕೇಳಿ. ನರ್ಸ್ ಎಂದು ತೋರಿಸಿದವರು ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ ನೋಂದಾಯಿಸಿದವರೋ, ತರಬೇತಿ ಪಡೆದ ಸಹಾಯಕರೋ? ಇನ್ಸುಲಿನ್ ಕೊಡುವವರು ಯಾರು ಎಂಬ ಒಂದೇ ಪ್ರಶ್ನೆಗೆ ಬಹಳಷ್ಟು ಬಯಲಾಗುತ್ತದೆ. ಮಾತ್ರೆ ಕೊಟ್ಟದ್ದಕ್ಕೆ ಸಹಿ ಮಾಡುವ ಹಾಳೆ ಕೇಳಿ ನೋಡಿ: ನಾಳಿನ ಸಹಿಯೂ ಇವತ್ತೇ ಆಗಿದ್ದರೆ ಅಲ್ಲಿಂದ ಎದ್ದು ಬನ್ನಿ.

ತಿಂಗಳ ಶುಲ್ಕದಲ್ಲಿ ಡೈಪರ್, ಔಷಧಿ, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆ ಹೋಗುವ ಸಹಾಯಕರು ಸೇರಿದ್ದಾರೆಯೇ, ಆರೈಕೆಯ ಮಟ್ಟ ಏರಿದರೆ ದರ ಎಷ್ಟು, ಯಾವ ಸ್ಥಿತಿಯಲ್ಲಿ ಕರೆದುಕೊಂಡು ಹೋಗಿ ಎನ್ನುತ್ತಾರೆ, ಠೇವಣಿ ಎಷ್ಟು ದಿನದಲ್ಲಿ ವಾಪಸ್ ಎಂಬುದೆಲ್ಲ ಲಿಖಿತದಲ್ಲಿರಲಿ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆ ಖರ್ಚಿಗೆ ಮಾತ್ರ. ಈ ತಿಂಗಳ ಶುಲ್ಕವನ್ನು ಅದು ಕೊಡುವುದಿಲ್ಲ.

ಬ್ಯಾಂಕ್ ಕೆಲಸವನ್ನು ಈಗಲೇ ಮುಗಿಸಿ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ) ಬಿದ್ದುಹೋಗುತ್ತದೆ. ಆದ್ದರಿಂದ ಅವರಿಗೆ ತಿಳಿವಳಿಕೆ ಇರುವಾಗಲೇ, ಅವರ ಒಪ್ಪಿಗೆಯಿಂದ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಿಭಾಯಿಸುವಂತೆ ಜಂಟಿ ಮಾಡಿಸಿ. ಪಿಂಚಣಿದಾರರಾಗಿದ್ದರೆ ನವೆಂಬರಿನ ಜೀವಂತ ಪ್ರಮಾಣಪತ್ರವನ್ನು ಕೇಂದ್ರದಿಂದಲೇ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದ್ದರೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಸೇರಿಸಿದ ಮೇಲೆ ನಿರ್ಲಕ್ಷ್ಯ, ಹೊಡೆತದ ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.