ಊರ ಹೆಸರಿಗೆ ‘ಕ್ಯಾಂಪ್’ ಯಾಕೆ ಅಂಟಿದೆ?

ಸಿಂಧನೂರು, ಗಂಗಾವತಿ, ಮಾನ್ವಿ ಕಡೆಯ ಬೋರ್ಡುಗಳಲ್ಲಿ ಊರ ಹೆಸರಿನ ಜೊತೆ ಕಾಣುವ ‘ಕ್ಯಾಂಪ್’ಗಳಿಗೂ ಮಿಲಿಟರಿಗೂ ಸಂಬಂಧವಿಲ್ಲ, ಅವು ಹೊರಗಿನಿಂದ ಬಂದು ನೆಲೆಸಿದವರ ಊರುಗಳು. ಬಂದ ದಾರಿ ಮಾತ್ರ ಎಲ್ಲರದೂ ಒಂದೇ ಅಲ್ಲ.

ಹೆಚ್ಚಿನವು ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ರೈತರವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟಾಗ ಇಲ್ಲಿನವರದು ಜೋಳ, ಸಜ್ಜೆ, ಹತ್ತಿಯ ಖುಷ್ಕಿ (ಮಳೆ ನಂಬಿದ) ಬೇಸಾಯ. ಎರೆ (ಕಪ್ಪು ಮಣ್ಣಿನ) ಹೊಲ ಸಮ ಮಾಡಿ, ಬದು ಹಾಕಿ, ಮಡಿ ಕಟ್ಟಲು ರೊಕ್ಕವೂ ಇರಲಿಲ್ಲ, ರೂಢಿಯೂ ಇರಲಿಲ್ಲ. ಆಂಧ್ರದ ರೈತರು ತಮ್ಮ ಊರಲ್ಲಿದ್ದ ತುಸು ಭೂಮಿ ಮಾರಿ ಇಲ್ಲಿ ಅದರ ಹಲವು ಪಟ್ಟು ಕೊಂಡರು. ಹೊಲದಲ್ಲೇ ಗುಡಿಸಲು ಹಾಕಿದರು. ಆ ಗುಡಿಸಲುಗಳೇ ಕ್ಯಾಂಪು. ಸಿಂಧನೂರಿನ ಗಾಂಧಿನಗರ, ಗಂಗಾವತಿಯ ಶ್ರೀರಾಮನಗರ ಹೀಗೆ ಬೆಳೆದವು. ವಿಳಾಸ ಹುಡುಕುವವರು ಗಮನಿಸಿ: ಎಷ್ಟೋ ಕ್ಯಾಂಪುಗಳ ಪಹಣಿ ಇವತ್ತಿಗೂ ಪಕ್ಕದ ಹಳೇ ಊರಿನ ಹೆಸರಲ್ಲೇ ಇರುತ್ತದೆ.

ಜಗಳವಿರುವುದು ನೀರಿನದು. ಎಡದಂಡೆ ಕಾಲುವೆಯ ಬಹುಪಾಲು ಜಮೀನನ್ನು ಹಗುರ ನೀರಾವರಿ ಬೆಳೆಗೆಂದು ಗೊತ್ತುಮಾಡಲಾಗಿತ್ತು. ಜೋಳಕ್ಕೆ ಆಗೀಗ ನೀರು ಹಾಯಿಸಿದರೆ ಸಾಕು. ನೆಲ್ಲಿಗೆ ತಿಂಗಳುಗಟ್ಟಲೆ ಮಡಿಯಲ್ಲಿ ನೀರು ನಿಲ್ಲಬೇಕು. ಮೇಲ್ಭಾಗದವರು ನೆಲ್ಲು ಹಚ್ಚಿದರೆ ಕೊನೆಭಾಗದ ಮಾನ್ವಿ, ರಾಯಚೂರು ಹೊಲಗಳಿಗೆ ಬರುವುದು ಬರೀ ತೇವ. ಇತ್ತ ನೆಲ್ಲಿನ ಹೊಲದ ಎರೆ ಮಣ್ಣಲ್ಲಿ ನೀರು ಬಸಿಯದೆ ಉಪ್ಪು ಮೇಲೇಳುತ್ತದೆ, ಹೊಲ ಸವಳಾಗುತ್ತದೆ. ಬಸಿಗಾಲುವೆ ತೋಡದೆ ಸವಳು ಸರಿಮಾಡಲೆಂದು ಬರೀ ಜಿಪ್ಸಂ ಚೆಲ್ಲಿದರೆ ಉಪಯೋಗವಿಲ್ಲ. ಕದಲಿದ ಉಪ್ಪು ಹೊರಹೋಗಲು ದಾರಿ ಬೇಕಲ್ಲ. ತಪ್ಪು ಆಂಧ್ರದವರದೇ ಎನ್ನುವವರಿದ್ದಾರೆ. ಆದರೆ ಈಗ ನಮ್ಮವರೂ ನೆಲ್ಲೇ ಹಚ್ಚುತ್ತಾರೆ.

ಭಾಷೆಯ ತಂಟೆ ಕಡಿಮೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ ಇದು, ತೆಲುಗು ನಮಗೆ ಹೊಸದಲ್ಲ. ಅವರ ಮಕ್ಕಳ ಕನ್ನಡವೂ ಅಪ್ಪಟ ಸಿಂಧನೂರಿನದೇ. ಆದರೂ ಮೂರನೇ ತಲೆಮಾರಿಗೂ ‘ಆಂಧ್ರದೋರು’ ಎನ್ನುವುದು ತಪ್ಪಿಲ್ಲ.

ಇನ್ನು ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳು. ಆರ್‌ಎಚ್ ಅಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಪೂರ್ವ ಪಾಕಿಸ್ತಾನ (ಇಂದಿನ ಬಾಂಗ್ಲಾದೇಶ) ಬಿಟ್ಟು ಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರವೇ ತಂದು ಇಲ್ಲಿ ಕೂರಿಸಿತು. ಇವರು ಭೂಮಿ ಆರಿಸಿ ಕೊಂಡವರಲ್ಲ, ಕೊಟ್ಟಲ್ಲಿ ಉಳಿದವರು. ಬಹುತೇಕರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ. ಇಲ್ಲಿ ಆ ಸ್ಥಾನಕ್ಕಾಗಿ ದಶಕಗಳಿಂದ ಅರ್ಜಿ ಹಾಕುತ್ತಲೇ ಇದ್ದಾರೆ.